ಶಿಮ್ಲಾದಲ್ಲಿ ಹಿಮ ಅಂದರು, ಮಳೆ ಬಂತು: ಮುನ್ಸೂಚನೆ ಎಲ್ಲಿ ಜಾರುತ್ತದೆ?

ಪ್ರಶ್ನೆ: ಸರ್, ಜನವರಿಯಲ್ಲಿ ಮನೆಮಂದಿಯೆಲ್ಲ ಶಿಮ್ಲಾಕ್ಕೆ ಹೋಗಿದ್ದೆವು. ಮಕ್ಕಳಿಗೆ ಹಿಮ ತೋರಿಸಬೇಕು ಅನ್ನೋದೊಂದೇ ಆಸೆ. ಮೊಬೈಲಿನಲ್ಲಿ ಎರಡು ದಿನ ಮೊದಲಿಂದಲೇ ಹಿಮದ ಚಿತ್ರ ತೋರಿಸುತ್ತಿತ್ತು. ಟಿವಿಯಲ್ಲಿ 'ಮಳೆ ಅಥವಾ ಹಿಮ' ಅಂದರು. ರಾತ್ರಿಯಿಡೀ ಬಿದ್ದದ್ದು ಬರೀ ಮಳೆ. ಬೆಳಿಗ್ಗೆ ಟ್ಯಾಕ್ಸಿಯವನು ಬಂದು 'ಕುಫ್ರಿಯಲ್ಲಿ ಮೊಣಕಾಲುದ್ದ ಬಿದ್ದಿದೆ, ರಸ್ತೆ ಬಂದ್' ಅಂದ. ಕುಫ್ರಿ ಅಲ್ಲಿಂದ ಹದಿನೈದು ಕಿಲೋಮೀಟರ್ ಆಗಬಹುದು, ಅಷ್ಟೇ! 'ಮಳೆ ಅಥವಾ ಹಿಮ' ಅನ್ನೋಕೆ ತಜ್ಞರೇ ಬೇಕಾ? ನಾನೂ ಹೇಳಬಲ್ಲೆ. ಇಷ್ಟೆಲ್ಲ ಉಪಗ್ರಹ, ಕಂಪ್ಯೂಟರ್ ಇದ್ದೂ ಇದು ಗೊತ್ತಾಗಲ್ವಾ? ನಮ್ಮ ಕಡೆ ಮಾರ್ಚ್‌ನಲ್ಲಿ ಆಲಿಕಲ್ಲು ಬೀಳೋದೂ ಹಾಗೇ. ಬಿದ್ದ ಮೇಲೇ ಗೊತ್ತಾಗೋದು. ಇನ್ನೊಂದು ಮಾತು, ಮಗಳು ಕೇಳಿದ್ದು: ಇಷ್ಟು ಚಳಿ ಇರುವ ಬೀದರಿನಲ್ಲಿ ಯಾಕೆ ಹಿಮ ಬೀಳಲ್ಲ?
(ಭಾಲ್ಕಿಯ ಓದುಗರೊಬ್ಬರು)

ಉತ್ತರ: ಅಷ್ಟು ದೂರ ಹೋಗಿ ಛತ್ರಿ ಹಿಡಿದು ನಿಂತರೆ ಸಿಟ್ಟು ಬರದೆ ಇರುತ್ತಾ? ಆದರೆ ಆ 'ಅಥವಾ' ಮೇಲೆ ಸಿಟ್ಟಾಗಬೇಡಿ. ನಿಮಗೆ ಸಿಕ್ಕ ಮುನ್ಸೂಚನೆಯಲ್ಲಿ ಪ್ರಾಮಾಣಿಕವಾಗಿದ್ದ ಪದ ಅದೊಂದೇ. ಮೋಸ ಮಾಡಿದ್ದು ಮೊಬೈಲಿನ ಚಿತ್ರ. ಆ್ಯಪ್‌ನಲ್ಲಿ ಸೂರ್ಯ, ಮೋಡ, ಹನಿ, ಹಿಮ ಎಲ್ಲದಕ್ಕೂ ಚಿತ್ರ ಇದೆ. 'ಎರಡರಲ್ಲಿ ಯಾವುದೂ ಆಗಬಹುದು' ಅನ್ನೋದಕ್ಕೆ ಚಿತ್ರ ಇಲ್ಲ. ಹಾಗಾಗಿ ಲೆಕ್ಕದಲ್ಲಿ ಹಿಮದ ಕಡೆ ಸ್ವಲ್ಪ ವಾಲಿದರೂ ಅದು ಹಿಮವನ್ನೇ ತೋರಿಸುತ್ತದೆ.

ಮಳೆಗಾಳಿ ಯಾವ ದಿನ ಬರುತ್ತದೆ, ಹೆಚ್ಚು ಕಡಿಮೆ ಎಷ್ಟು ನೀರು ಸುರಿಸುತ್ತದೆ, ಇದನ್ನು ಈಗ ಮೂರು ನಾಲ್ಕು ದಿನ ಮೊದಲೇ ಚೆನ್ನಾಗಿ ಹೇಳುತ್ತಾರೆ. ನಿಮ್ಮ ವಿಷಯದಲ್ಲೂ ಅದು ತಪ್ಪಲಿಲ್ಲ ನೋಡಿ. ಹೇಳಿದ ದಿನವೇ ಬಂತು. ಕಷ್ಟ ಇರೋದು ಆ ನೀರು ನೆಲ ಮುಟ್ಟುವಾಗ ಯಾವ ರೂಪದಲ್ಲಿರುತ್ತದೆ ಅನ್ನೋದರಲ್ಲಿ. ಅದನ್ನು ತೀರ್ಮಾನ ಮಾಡೋದು ನೆಲದ ಮೇಲಿನ ಕೊನೆಯ ಒಂದೆರಡು ಕಿಲೋಮೀಟರ್ ಗಾಳಿ. ಅಲ್ಲಿ ಒಂದು ಡಿಗ್ರಿ ಆಚೀಚೆ ಆದರೆ ಸಾಕು.

ಮೇಲೆ ಎಲ್ಲ ಕಡೆಯೂ ಹಿಮವೇ

ಮೊದಲು ನಮ್ಮ ಊರಿನ ಆಕಾಶವನ್ನೇ ನೋಡೋಣ. ಸೆಪ್ಟೆಂಬರ್ ಸಂಜೆ ಕಲಬುರಗಿಯಲ್ಲಿ ಗುಡುಗಿ ಸುರಿಯುವ ಮಳೆ ಇರುತ್ತದಲ್ಲ, ಅದರ ದೊಡ್ಡ ಪಾಲು ಮೇಲೆ ಹಿಮವಾಗಿಯೇ ಶುರುವಾಗಿರುತ್ತದೆ. ನಮ್ಮ ತಲೆಯ ಮೇಲೆ ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ ಸೊನ್ನೆ ಡಿಗ್ರಿ ಇರುತ್ತದೆ. ಗುಡುಗು ಮೋಡದ ತುದಿ ಅದರ ದುಪ್ಪಟ್ಟು ಎತ್ತರ ದಾಟುತ್ತದೆ. ಸೊನ್ನೆಯ ಮೇಲಿನ ಆ ಭಾಗದಲ್ಲಿ ಹಿಮದ ಹರಳೂ ಇರುತ್ತದೆ, ಸೊನ್ನೆಗಿಂತ ತಣ್ಣಗಾದರೂ ಹೆಪ್ಪುಗಟ್ಟದ ನೀರಿನ ಹನಿಯೂ ಇರುತ್ತದೆ. ಎರಡೂ ಒಟ್ಟಿಗಿದ್ದರೆ ಹನಿ ಸೊರಗುತ್ತದೆ, ಹರಳು ಬೆಳೆಯುತ್ತದೆ. ಹರಳಿನ ತೂಕ ಹೆಚ್ಚಿ ಕೆಳಗಿಳಿಯುತ್ತದೆ. ಸ್ವೀಡನ್ನಿನ ಟೋರ್ ಬೆರ್ಗೆರಾನ್ 1930ರ ದಶಕದಲ್ಲಿ ಇದನ್ನು ವಿವರಿಸಿದರು. 2017ರಲ್ಲಿ ನಮ್ಮ ರಾಜ್ಯದಲ್ಲಿ 'ವರ್ಷಧಾರಿ' ಅಂತ ಮೋಡ ಬಿತ್ತನೆ ಮಾಡಿದ್ದು ನೆನಪಿರಬಹುದು. ತಣ್ಣನೆಯ ಮೋಡಕ್ಕೆ ಸಿಲ್ವರ್ ಅಯೋಡೈಡ್ ಎರಚುವುದು ಇದೇ ಕಾರಣಕ್ಕೆ, ಹರಳು ಕಟ್ಟಲಿ ಅಂತ.

ಅಂದರೆ ಶಿಮ್ಲಾದ ಮೋಡಕ್ಕೂ ಸೇಡಂನ ಮೋಡಕ್ಕೂ ಈ ವಿಷಯದಲ್ಲಿ ಅಂಥ ಫರಕು ಇಲ್ಲ. ಹರಳು ಕೆಳಗಿಳಿಯುವಾಗ ಸೊನ್ನೆಯ ಗೆರೆ ದಾಟುತ್ತದೆ. ದಾಟಿದ ಮೇಲೆ ಇನ್ನೂರು ಮುನ್ನೂರು ಮೀಟರ್ ಇಳಿಯುವಷ್ಟರಲ್ಲಿ ಸಾಮಾನ್ಯವಾಗಿ ಕರಗಿಬಿಡುತ್ತದೆ. ನಮ್ಮಲ್ಲಿ ಅದರ ಕೆಳಗೆ ಇನ್ನೂ ನಾಲ್ಕು ಕಿಲೋಮೀಟರ್ ಬಿಸಿ ಗಾಳಿ ಬಾಕಿ ಇರುತ್ತದೆ. ಹಾಗಾಗಿ ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಶಿಮ್ಲಾದಲ್ಲಿ ಜನವರಿಯ ಮಳೆಗಾಳಿ ಬಂದಾಗ ಸೊನ್ನೆಯ ಗೆರೆ ಊರಿನ ಎತ್ತರದಲ್ಲೇ ತೂಗಾಡುತ್ತಿರುತ್ತದೆ. ತಕರಾರು ಶುರುವಾಗುವುದೇ ಅಲ್ಲಿ.

ಒಂದೇ ಊರು, ನಾಲ್ಕು ಡಿಗ್ರಿ

ನೀವು ಕಾಲ್ಕಾದಿಂದ ಪುಟ್ಟ ರೈಲಿನಲ್ಲಿ ಹೋಗಿದ್ದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಾಲ್ಕಾ ನಿಲ್ದಾಣ 656 ಮೀಟರ್ ಎತ್ತರದಲ್ಲಿದೆ. ಹೆಚ್ಚು ಕಡಿಮೆ ನಮ್ಮ ಬೀದರಿನಷ್ಟೇ. 96 ಕಿಲೋಮೀಟರ್ ಹತ್ತಿ ಶಿಮ್ಲಾ ನಿಲ್ದಾಣಕ್ಕೆ ಬಂದಾಗ 2,075 ಮೀಟರ್ ಆಸುಪಾಸು. ಪ್ರತಿ ಕಿಲೋಮೀಟರ್ ಎತ್ತರಕ್ಕೆ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ ಅನ್ನೋ ಲೆಕ್ಕದಲ್ಲಿ ಒಂಬತ್ತು ಡಿಗ್ರಿ ವ್ಯತ್ಯಾಸ.

ಅದನ್ನೇ ತಿರುಗಿಸಿ ನೋಡಿ. ಒಂದು ಡಿಗ್ರಿ ಅಂದರೆ ಸುಮಾರು 150 ಮೀಟರ್ ಎತ್ತರ. ಶಿಮ್ಲಾ ಒಂದೇ ಎತ್ತರದ ಊರಲ್ಲ. ತಾರಾದೇವಿಯ ಕಡೆ 1,850 ಮೀಟರ್ ಇದ್ದರೆ, ಹನುಮಂತನ ಗುಡಿ ಇರುವ ಜಾಖೂ ಗುಡ್ಡದ ತುದಿ 2,450. ಊರಿನೊಳಗೇ 600 ಮೀಟರ್, ಅಂದರೆ ನಾಲ್ಕು ಡಿಗ್ರಿ. ಕುಫ್ರಿ 2,500 ಮೀಟರ್ ದಾಟಿದೆ. ಆ ರಾತ್ರಿ ಹಿಮದ ಗೆರೆ 2,300 ಮೀಟರಿನಲ್ಲಿ ನಿಂತಿದ್ದರೂ ನಿಮ್ಮ ಹೋಟೆಲಿಗೆ ಮಳೆ, ಕುಫ್ರಿಗೆ ಮೊಣಕಾಲುದ್ದ. ನೀವು ಹದಿನೈದು ಕಿಲೋಮೀಟರ್ ದೂರ ಲೆಕ್ಕ ಹಾಕಿದಿರಿ. ಹಿಮ ಲೆಕ್ಕ ಹಾಕೋದು ಎತ್ತರವನ್ನು.

ಇಲ್ಲಿ ಕಂಪ್ಯೂಟರ್ ಏನು ಮಾಡುತ್ತದೆ? ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಮಾಡುತ್ತದೆ. 2025ರ ಮೇ ತಿಂಗಳಲ್ಲಿ ಶುರುವಾದ ನಮ್ಮ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ಚೌಕಗಳು 6 ಕಿಲೋಮೀಟರಿನವು. ಮೊದಲು 12 ಇತ್ತು. ಒಳ್ಳೆಯ ಸುಧಾರಣೆಯೇ. ಆದರೂ ಆರು ಕಿಲೋಮೀಟರಿನ ಚೌಕದಲ್ಲಿ ಗುಡ್ಡದ ತುದಿ, ಕಣಿವೆಯ ತಳ ಎರಡೂ ಕಲೆತು ಒಂದೇ ಎತ್ತರವಾಗುತ್ತವೆ. ಆ ಎತ್ತರದಲ್ಲಿ ಯಾವ ಹೋಟೆಲೂ ಇರೋದಿಲ್ಲ.

ಏರ್ ಕೂಲರ್ ಪಾಠ

ಸರಿ, ಎತ್ತರ ಗೊತ್ತಾಯಿತು, ಗಾಳಿಯ ಬಿಸಿಯೂ ಗೊತ್ತಾಯಿತು ಅಂದುಕೊಳ್ಳಿ. ನಾಲ್ಕು ಡಿಗ್ರಿ. ಮಳೆಯಾ, ಹಿಮವಾ? ಮಳೆ ಅಂತ ಯಾರಾದರೂ ಹೇಳುತ್ತಾರೆ. ಅಷ್ಟಕ್ಕೇ ಹೇಳಲಿಕ್ಕೆ ಬರೋದಿಲ್ಲ.

ನಮ್ಮ ಕಡೆ ಪ್ರತಿ ಮನೆಯಲ್ಲೂ ಕೂಲರ್ ಇದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಅದು ಭರ್ಜರಿ ಕೆಲಸ ಮಾಡುತ್ತದೆ. ಹುಲ್ಲಿನ ಪ್ಯಾಡ್ ಮೇಲೆ ನೀರು ಇಳಿಯುತ್ತದೆ, ಒಣ ಗಾಳಿ ಅದರಲ್ಲಿ ಹಾದು ಬರುತ್ತದೆ, ನೀರು ಆರುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಜುಲೈನಲ್ಲಿ ಅದೇ ಕೂಲರ್ ಹಾಕಿ ನೋಡಿ. ಮೈ ಅಂಟುತ್ತದೆ ಅಷ್ಟೇ, ತಂಪಾಗಲ್ಲ. ಗಾಳಿ ಆಗಲೇ ತೇವದಿಂದ ತುಂಬಿರುತ್ತದೆ, ನೀರು ಆರಲಿಕ್ಕೆ ಜಾಗವಿಲ್ಲ.

ಬೀಳುವ ಹಿಮದ ಸುತ್ತಲೂ ಇದೇ ನಡೆಯುತ್ತದೆ. ಕೆಳಗಿನ ಗಾಳಿ ಒಣಗಿದ್ದರೆ ಮೊದಲು ಬಿದ್ದ ಹಿಮ, ಹನಿ ಎಲ್ಲ ಗಾಳಿಯಲ್ಲೇ ಆರುತ್ತವೆ. ಆರುತ್ತ ಗಾಳಿಯನ್ನು ತಂಪು ಮಾಡುತ್ತವೆ. ಶಿಮ್ಲಾದ ಎತ್ತರದಲ್ಲಿ ನಾಲ್ಕು ಡಿಗ್ರಿ ಇದ್ದು, ತೇವಾಂಶ 40 ಪ್ರತಿಶತ ಇದ್ದರೆ, ಈ ತಂಪು ಗಾಳಿಯನ್ನು ಸೊನ್ನೆಗಿಂತ ಸ್ವಲ್ಪ ಕೆಳಗೇ ಇಳಿಸಬಲ್ಲದು. ಆಗ ಮಳೆಯಾಗಿ ಶುರುವಾದದ್ದು ಒಂದು ಗಂಟೆಯಲ್ಲಿ ಹಿಮವಾಗುತ್ತದೆ. ಅದೇ ನಾಲ್ಕು ಡಿಗ್ರಿಯಲ್ಲಿ ತೇವಾಂಶ 95 ಇದ್ದರೆ ಇನ್ನು ಇಳಿಯಲಿಕ್ಕೆ ಏನೂ ಉಳಿದಿಲ್ಲ. ರಾತ್ರಿಯಿಡೀ ಮಳೆ. ಇದಕ್ಕೇ ಅನುಭವ ಇರುವ ಮುನ್ಸೂಚಕರು ಥರ್ಮಾಮೀಟರ್ ಒಂದನ್ನೇ ನೋಡಿ ಮಾತಾಡುವುದಿಲ್ಲ. ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ ಎರಡನೇ ಥರ್ಮಾಮೀಟರ್ ಏನು ಹೇಳುತ್ತದೆ ಅಂತ ನೋಡುತ್ತಾರೆ. ಹಿಮದ ವಿಷಯದಲ್ಲಿ ಮಾತು ನಡೆಯೋದು ಅದರದ್ದು.

ಇನ್ನೊಂದು ಸೂಕ್ಷ್ಮ ಇದೆ. ಹಿಮ ಕರಗುವುದಕ್ಕೂ ಬಿಸಿ ಬೇಕು, ಒಂದು ಗ್ರಾಂಗೆ 80 ಕ್ಯಾಲೊರಿ. ಆ ಬಿಸಿ ಬರೋದು ಸುತ್ತಲಿನ ಗಾಳಿಯಿಂದಲೇ. ಸಣ್ಣಗೆ ಬಿದ್ದರೆ ಗಾಳಿಗೆ ಲೆಕ್ಕಕ್ಕಿಲ್ಲ. ಜೋರಾಗಿ ಸುರಿದರೆ ಕರಗುವ ಹಿಮವೇ ಗಾಳಿಯನ್ನು ಸೊನ್ನೆಗೆ ತಂದು ನಿಲ್ಲಿಸುತ್ತದೆ, ಆಮೇಲೆ ಬರುವ ಹಿಮ ಕರಗದೆ ನೆಲಕ್ಕೆ ಬರುತ್ತದೆ. ಅಂದರೆ ಮಳೆಯಾ ಹಿಮವಾ ಅನ್ನೋದು ಎಷ್ಟು ಜೋರಾಗಿ ಬೀಳುತ್ತದೆ ಅನ್ನೋದರ ಮೇಲೂ ನಿಂತಿದೆ. ಜೋರು ಎಷ್ಟು ಅಂತ ಊಹಿಸುವಲ್ಲಿ ತಪ್ಪಿದರೆ ರೂಪದಲ್ಲೂ ತಪ್ಪಿದಂತೆಯೇ. 1987ರ ಅಕ್ಟೋಬರ್ 4ರಂದು ಅಮೆರಿಕದ ಆಲ್ಬನಿ ಊರಿನಲ್ಲಿ ಹೀಗೇ ಅಕಾಲದಲ್ಲಿ ಆರೂವರೆ ಇಂಚು ಹಿಮ ಬಿತ್ತು. ಮರಗಳಲ್ಲಿ ಇನ್ನೂ ಎಲೆ ಇತ್ತು. ಎಲೆಯ ಮೇಲೆ ಒದ್ದೆ ಹಿಮ ಕೂತು ಕೊಂಬೆ ಮುರಿದು, ಕರೆಂಟ್ ತಂತಿಗಳ ಮೇಲೆ ಬಿದ್ದವು.

ನ್ಯೂಯಾರ್ಕಿನವರ ಫಜೀತಿ

ಇದು ನಮ್ಮ ದೇಶದ ತೊಂದರೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಇದು ಪ್ರತಿ ಚಳಿಗಾಲದ ಜಗಳ. ಒಂದು ಕಡೆ ಬೆಚ್ಚಗಿನ ಅಟ್ಲಾಂಟಿಕ್ ಸಮುದ್ರ, ಇನ್ನೊಂದು ಕಡೆ ಕೆನಡಾದಿಂದ ಇಳಿಯುವ ಕೊರೆಯುವ ಗಾಳಿ. ನಡುವೆ ಸಾಲಾಗಿ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್, ಬಾಸ್ಟನ್. ಬಿರುಗಾಳಿ ಸ್ವಲ್ಪ ದಡದ ಕಡೆ ಸರಿದರೆ ಸಮುದ್ರದ ಬಿಸಿ ಒಳಗೆ ನುಗ್ಗಿ ಮಳೆ. ಸ್ವಲ್ಪ ಸಮುದ್ರದ ಕಡೆ ಸರಿದರೆ ಊರಿಗೆ ಏನೂ ಇಲ್ಲ.

2015ರ ಜನವರಿ ಕೊನೆಯಲ್ಲಿ ನ್ಯೂಯಾರ್ಕಿಗೆ ಎರಡರಿಂದ ಮೂರು ಅಡಿ ಹಿಮ ಅಂದರು. ಸಬ್‌ವೇ ರೈಲನ್ನೂ ನಿಲ್ಲಿಸಿದರು. ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 9.8 ಇಂಚು. ಬಾಸ್ಟನ್‌ನಲ್ಲಿ ಎರಡು ಅಡಿ ಬಿತ್ತು. ಬಿರುಗಾಳಿ ಸ್ವಲ್ಪ ಪೂರ್ವಕ್ಕೆ ಸರಿದಿತ್ತು, ಅಷ್ಟೇ. ನ್ಯೂಜೆರ್ಸಿಯ ಹವಾಮಾನ ಕಚೇರಿಯ ಮುನ್ಸೂಚಕ ಗ್ಯಾರಿ ಶಾಟ್‌ಕೋವ್‌ಸ್ಕಿ ಟ್ವಿಟ್ಟರಿನಲ್ಲಿ ಜನರ ಕ್ಷಮೆ ಕೇಳಿದರು.

ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು 2017ರ ಮಾರ್ಚ್ 14ರದ್ದು. ಆಗ ನ್ಯೂಯಾರ್ಕಿಗೆ ಒಂದು ಅಡಿಗಿಂತ ಜಾಸ್ತಿ ಹಿಮ, ಹಿಮಬಿರುಗಾಳಿಯ ಎಚ್ಚರಿಕೆ. ಬೆಳಿಗ್ಗೆ ಹಿಮವಾಗಿಯೇ ಶುರುವಾಯಿತು. ಆದರೆ ನೆಲದಿಂದ ಕೆಲವು ಸಾವಿರ ಅಡಿ ಮೇಲೆ ಸಮುದ್ರದ ಕಡೆಯಿಂದ ಬೆಚ್ಚನೆಯ ಗಾಳಿಯ ಒಂದು ಪದರ ನುಗ್ಗಿತು. ಕೆಳಗೆ ಚಳಿ, ಮೇಲೆ ಚಳಿ, ನಡುವೆ ಮಾತ್ರ ಬಿಸಿ. ಹಿಮ ಆ ಪದರದಲ್ಲಿ ಕರಗಿ, ಕೆಳಗಿನ ಚಳಿಯಲ್ಲಿ ಮತ್ತೆ ಹೆಪ್ಪುಗಟ್ಟಿ, ಸಾಬೂದಾನಿಯಂಥ ಮಂಜುಗಡ್ಡೆ ಕಾಳಾಗಿ ಉದುರಿತು. ಸೆಂಟ್ರಲ್ ಪಾರ್ಕಿನಲ್ಲಿ 7.6 ಇಂಚು ಅಷ್ಟೇ ಕೂತಿತು. ಅದೇ ಬಿರುಗಾಳಿ ಒಳನಾಡಿನ ಬಿಂಗ್‌ಹ್ಯಾಮ್ಟನ್‌ನಲ್ಲಿ ಸುಮಾರು ಮೂರು ಅಡಿ ಸುರಿಯಿತು.

ಆಮೇಲೆ ಹೊರಬಂದ ವಿಷಯ ಇನ್ನೂ ಸ್ವಾರಸ್ಯದ್ದು. ಹಿಂದಿನ ದಿನವೇ ಕೆಲವು ಲೆಕ್ಕಗಳು ನ್ಯೂಯಾರ್ಕಿಗೆ ಹಿಮ ಕಡಿಮೆ ಅಂತ ತೋರಿಸುತ್ತಿದ್ದವಂತೆ. ಮುನ್ಸೂಚಕರು ಮಾತಾಡಿಕೊಂಡು, ಕೊನೆ ಗಳಿಗೆಯಲ್ಲಿ ಅಂಕಿ ಬದಲಾಯಿಸಿದರೆ ಜನ ಅಪಾಯ ತಪ್ಪಿತು ಅಂದುಕೊಳ್ಳುತ್ತಾರೆ ಅಂತ ಎಚ್ಚರಿಕೆಯನ್ನು ಹಾಗೇ ಬಿಟ್ಟರು. ಅವರ ಅಳುಕು ಅರ್ಥವಾಗುತ್ತದೆ. ಮಂಜುಗಡ್ಡೆ ಕಾಳು ತುಂಬಿದ ರಸ್ತೆಯೂ ಅಪಾಯವೇ. ಆದರೂ ನನಗೆ ಅದು ಸರಿ ಅನಿಸುವುದಿಲ್ಲ. ಗೊಂದಲ ಇದ್ದರೆ ಗೊಂದಲ ಇದೆ ಅಂತಲೇ ಹೇಳಬೇಕು. ಆವತ್ತು ಅವರು ಹೇಳದೆ ಬಿಟ್ಟದ್ದು ನಿಮ್ಮ ಟಿವಿಯವರು ಹೇಳಿದ ಆ 'ಅಥವಾ'ವನ್ನೇ.

ಆ ಬೆಚ್ಚನೆಯ ಪದರ ಇನ್ನೂ ದಪ್ಪವಾಗಿ, ಕೆಳಗಿನ ಚಳಿ ಪದರ ತೆಳುವಾಗಿದ್ದರೆ ಮತ್ತೂ ಕೆಟ್ಟದ್ದು. ಹನಿಗೆ ಗಾಳಿಯಲ್ಲಿ ಹೆಪ್ಪುಗಟ್ಟಲು ಸಮಯ ಸಿಗುವುದಿಲ್ಲ. ನೀರಾಗಿಯೇ ಬಂದು, ತಂತಿ, ಮರ, ರಸ್ತೆ ಮುಟ್ಟಿದ ಕ್ಷಣ ಗಾಜಿನಂತೆ ಗಟ್ಟಿಯಾಗುತ್ತದೆ. 1998ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್ ಸುತ್ತ ದಿನಗಟ್ಟಲೆ ಹೀಗೆ ಬಿದ್ದು ವಿದ್ಯುತ್ ಗೋಪುರಗಳೇ ಕುಸಿದವು. ಹತ್ತು ಲಕ್ಷಕ್ಕೂ ಹೆಚ್ಚು ಮನೆ ಕತ್ತಲಲ್ಲಿ ಕೂತವು. ಮಳೆ, ಗಾಜು, ಕಾಳು, ಹಿಮ: ನಾಲ್ಕೂ ಒಂದೇ ಮೋಡದಿಂದ, ಕೆಲವೊಮ್ಮೆ ಒಂದೇ ಊರಿನಲ್ಲಿ, ಒಂದೇ ದಿನ.

ತಪ್ಪಿನ ಬೆಲೆಯೂ ಇಲ್ಲಿ ಜಾಸ್ತಿ. 25 ಮಿಲಿಮೀಟರ್ ಮಳೆ ಅಂದರೆ ಚರಂಡಿಯಲ್ಲಿ ಹರಿದು ಹೋಗುವ ಮಳೆ. ಅದೇ ನೀರು ಹಿಮವಾದರೆ ಅಂದಾಜು ಹತ್ತು ಪಟ್ಟು, ಅಂದರೆ 25 ಸೆಂಟಿಮೀಟರ್ ಎತ್ತರ ಕೂರುತ್ತದೆ. ನಮ್ಮಲ್ಲಿ 20 ಮಿಲಿಮೀಟರ್ ಅಂದು 30 ಬಿದ್ದರೆ ಯಾರೂ ಗಮನಿಸುವುದಿಲ್ಲ. ಅಲ್ಲಿ ಒಂದು ಡಿಗ್ರಿ ತಪ್ಪಿದರೆ ಶಾಲೆಗೆ ರಜೆ ಕೊಟ್ಟವರು ನಗೆಪಾಟಲಾಗುತ್ತಾರೆ.

ಶಿಮ್ಲಾದಲ್ಲಿ ನಿಮಗೇನಾಗಿರಬಹುದು

ಉತ್ತರ ಭಾರತಕ್ಕೆ ಚಳಿಗಾಲದಲ್ಲಿ ಮಳೆ ತರುವವು ಮೆಡಿಟರೇನಿಯನ್ ಕಡೆಯಿಂದ ಬರುವ ಗಾಳಿಸುಳಿಗಳು. 'ಪಶ್ಚಿಮದ ಪ್ರಕ್ಷುಬ್ಧತೆ' ಅಂತ ಪೇಪರಿನಲ್ಲಿ ಓದಿರುತ್ತೀರಿ. ಇವುಗಳ ಮುಂಭಾಗದಲ್ಲಿ ಅರಬ್ಬಿ ಸಮುದ್ರದ ತೇವ ಹೊತ್ತ ಬೆಚ್ಚಗಿನ ಗಾಳಿ ಇರುತ್ತದೆ. ಚಳಿ ಗಾಳಿ ಇರೋದು ಹಿಂಭಾಗದಲ್ಲಿ. ಹಾಗಾಗಿ ಮೊದಲು ಮಳೆ, ಸುಳಿ ದಾಟುವಾಗ ಹಿಮ. ಚಳಿ ಬರುವ ಹೊತ್ತಿಗೆ ಮೋಡದಲ್ಲಿ ನೀರು ಉಳಿದಿದ್ದರೆ ಊರೆಲ್ಲ ಬೆಳ್ಳಗೆ. ಅಷ್ಟರಲ್ಲಿ ಮೋಡ ಖಾಲಿಯಾಗಿದ್ದರೆ ನಿಮ್ಮ ಹಾಗೆ ಒದ್ದೆ ರಸ್ತೆ. ಎರಡು ಮೂರು ಗಂಟೆಯ ಆಟ ಇದು. ಎರಡು ದಿನ ಮೊದಲು ಇಷ್ಟು ಸಣ್ಣ ಸಮಯವನ್ನು ಹಿಡಿಯುವುದು ಯಾರಿಗೂ ಸುಲಭವಿಲ್ಲ.

ಮುಂದಿನ ಸಲ ಹೋದರೆ ಹೀಗೆ ಮಾಡಿ. ಚಿತ್ರ ನೋಡಬೇಡಿ, ಎತ್ತರ ಕೇಳಿ. 'ಯಾವ ಎತ್ತರದ ಮೇಲೆ ಹಿಮ' ಅನ್ನೋದು ಸಿಕ್ಕರೆ ನಿಮ್ಮ ಹೋಟೆಲ್ ಎಷ್ಟು ಮೀಟರಿನಲ್ಲಿದೆ ಅಂತ ಮ್ಯಾಪಿನಲ್ಲಿ ನೋಡಿಕೊಳ್ಳಿ. ಊರಲ್ಲಿ ಮಳೆ ಶುರುವಾದಾಗ ಥರ್ಮಾಮೀಟರ್ ಮೂರು ನಾಲ್ಕು ಡಿಗ್ರಿಯಲ್ಲಿದ್ದು, ಗಾಳಿ ಒಣಗಿ, ಬಿಸಿ ಬೇಗ ಇಳಿಯುತ್ತಿದ್ದರೆ ಮಕ್ಕಳನ್ನು ಮಲಗಿಸಬೇಡಿ. ಇಡೀ ದಿನ ಜಿಟಿಜಿಟಿ ಹಿಡಿದು ಐದು ಡಿಗ್ರಿಯಲ್ಲೇ ನಿಂತಿದ್ದರೆ ಆಸೆ ಬಿಡಿ. ಕುಫ್ರಿಗೋ ನಾರ್ಕಂಡಕ್ಕೋ ಮಳೆಗಾಳಿ ಬರುವ ಮೊದಲೇ ಹೋಗಿ ಉಳಿಯುವುದು ಲೇಸು. ಬಿದ್ದ ಮೇಲೆ ರಸ್ತೆ ಬಂದ್ ಆಗುತ್ತದೆ. ಅದನ್ನು ನೀವೇ ಕಂಡಿದ್ದೀರಿ.

ಮಗಳ ಪ್ರಶ್ನೆ, ಮತ್ತೆ ಆಲಿಕಲ್ಲು

ಮಗಳಿಗೆ ಹೇಳಿ: ಬೀದರಿನಲ್ಲಿ ಚಳಿ ಬಂದಾಗ ಮೋಡ ಇರಲ್ಲ, ಮೋಡ ಬಂದಾಗ ಚಳಿ ಇರಲ್ಲ. ಡಿಸೆಂಬರಿನಲ್ಲಿ ಬೀದರ್ ಒಂದಂಕಿಗೆ ಇಳಿಯುವುದು ಆಕಾಶ ಬಿಚ್ಚಿಕೊಂಡ, ಗಾಳಿ ಒಣಗಿದ ರಾತ್ರಿಗಳಲ್ಲಿ. ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ಆ ಚಳಿ ನೆಲಕ್ಕೆ ಅಂಟಿಕೊಂಡ ತೆಳು ಪದರ. ನೂರಿನ್ನೂರು ಮೀಟರ್ ಮೇಲೆ ಹೋದರೆ ಇನ್ನೂ ಬೆಚ್ಚಗಿರುತ್ತದೆ. ಮೋಡ ಬಂದರೆ ಅದೇ ಹೊದಿಕೆಯಾಗಿ ಚಳಿ ಹೋಗುತ್ತದೆ.

ಆದರೆ ಹಿಮ ತಲುಪದ ಕಡೆ ಆಲಿಕಲ್ಲು ತಲುಪುತ್ತದೆ. ಕಾರಣ ವೇಗ. ಹಿಮದ ಚಕ್ಕೆ ಸೆಕೆಂಡಿಗೆ ಸುಮಾರು ಒಂದು ಮೀಟರ್ ಇಳಿಯುತ್ತದೆ. ನಾಲ್ಕು ಕಿಲೋಮೀಟರ್ ಬಿಸಿ ಗಾಳಿ ದಾಟಲು ಗಂಟೆಗೂ ಹೆಚ್ಚು ಬೇಕು. ಅಷ್ಟು ಹೊತ್ತು ಅದು ಉಳಿಯಲ್ಲ. ಎರಡು ಸೆಂಟಿಮೀಟರಿನ ಆಲಿಕಲ್ಲು ಸೆಕೆಂಡಿಗೆ ಇಪ್ಪತ್ತು ಮೀಟರ್ ಆಸುಪಾಸು ಬೀಳುತ್ತದೆ. ಮೂರು ನಾಲ್ಕು ನಿಮಿಷದಲ್ಲಿ ನಿಮ್ಮ ಹೊಲದಲ್ಲಿರುತ್ತದೆ. ಹೊರಮೈ ಕರಗಿರುತ್ತದೆ, ಒಳಗಿನದು ಉಳಿದಿರುತ್ತದೆ. ಸಣ್ಣವು ದಾರಿಯಲ್ಲೇ ಕರಗಿ, ತಣ್ಣನೆಯ ದಪ್ಪ ಹನಿಯಾಗಿ ಬೀಳುತ್ತವೆ. ಆಲಿಕಲ್ಲಿನ ಮೊದಲು ಮೈ ಜುಮ್ಮೆನ್ನುವ ಹನಿ ಬೀಳುತ್ತವಲ್ಲ, ಅವುಗಳಲ್ಲಿ ಎಷ್ಟೋ ಇವೇ.

2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರದ ತುಂಬ ಆಲಿಕಲ್ಲು ಸುರಿದಾಗ ಗಡಿಯ ಈ ಕಡೆಯ ನಮ್ಮ ಜಿಲ್ಲೆಗಳನ್ನೂ ಬಿಡಲಿಲ್ಲ. ಅಂಥ ಮೋಡ ಕೆಲವೇ ಕಿಲೋಮೀಟರ್ ಅಗಲ, ಆಯುಷ್ಯ ಗಂಟೆಯ ಆಸುಪಾಸು. ಒಬ್ಬರ ಕಡಲೆ ಮಣ್ಣುಪಾಲಾದರೆ ಬದುವಿನ ಆಚೆಯವರ ಜೋಳಕ್ಕೆ ಏನೂ ಆಗಿರುವುದಿಲ್ಲ. ಹಿಂದಿನ ದಿನ 'ಬೀದರ್ ಜಿಲ್ಲೆಯ ಅಲ್ಲಲ್ಲಿ' ಅನ್ನಬಹುದು, ನಿಮ್ಮ ಸರ್ವೇ ನಂಬರ್ ಹೇಳಲಾಗದು.

ಇಲ್ಲಿ ಒಂದು ಅನುಕೂಲವೂ ಇದೆ. ಹೈದರಾಬಾದಿನಲ್ಲಿ ಮೋಡದೊಳಗಿನ ಹನಿ, ಆಲಿಕಲ್ಲನ್ನು ದೂರದಿಂದಲೇ ಕಾಣುವ ಡಾಪ್ಲರ್ ರಾಡಾರ್ ಇದೆ. ಅದರ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲೇರುತ್ತದೆ. ಭಾಲ್ಕಿಯ ಮೇಲೆ ಬರುವಷ್ಟರಲ್ಲಿ ಅದು ಎರಡು ಕಿಲೋಮೀಟರಿಗಿಂತ ಮೇಲಿರುತ್ತದೆ. ಮಳೆಯಾ ಹಿಮವಾ ಅಂತ ತಿಳಿಯಲು ಇದು ಪ್ರಯೋಜನಕ್ಕಿಲ್ಲ, ಆ ತೀರ್ಮಾನ ಅದಕ್ಕಿಂತ ಕೆಳಗೇ ಆಗುತ್ತದೆ. ಶಿಮ್ಲಾಕ್ಕೆ ಹತ್ತಿರವೇ, ಕುಫ್ರಿಯಲ್ಲಿ, 2021ರಲ್ಲಿ ರಾಡಾರ್ ಕೂರಿಸಿದ್ದು ಅದಕ್ಕೇ ಒಳ್ಳೆಯದಾಯಿತು. ಆಲಿಕಲ್ಲು ಮಾತ್ರ ಐದಾರು ಕಿಲೋಮೀಟರ್ ಮೇಲೆ ಬೆಳೆಯುವಂಥದ್ದು. ಹೈದರಾಬಾದಿನಿಂದಲೇ ಕಾಣುತ್ತದೆ, ಬೀಳುವ ಮೊದಲೇ.

ಹಾಗಾಗಿ ಮಾರ್ಚ್‌ನಲ್ಲಿ ಹಿಂದಿನ ದಿನದ ಎಚ್ಚರಿಕೆ ನೋಡಿ ತಾಡಪತ್ರಿ ಹೊರಗೆ ತೆಗೆದಿಡಿ. ಮಧ್ಯಾಹ್ನ ಎರಡರ ಮೇಲೆ ಹವಾಮಾನ ಇಲಾಖೆಯ ಮೂರು ಗಂಟೆಯ ಮುನ್ಸೂಚನೆ ನೋಡುತ್ತಿರಿ. ಸಿಡಿಲಿಗೆ 'ದಾಮಿನಿ' ಆ್ಯಪ್ ಇದೆ. ಅದರಲ್ಲಿ ಸಿಡಿಲು ನಿಮ್ಮ ಕಡೆ ಸರಿಯುತ್ತಿದ್ದರೆ ಕಣದಲ್ಲಿರುವ ರಾಶಿ ಮುಚ್ಚಿ, ದನ ಒಳಗೆ ಕಟ್ಟಿ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸಿಗುತ್ತದೆ. ನಿಂತ ಬೆಳೆಗೆ ಆ ಒಂದು ಗಂಟೆಯಲ್ಲಿ ಮಾಡುವಂಥದ್ದೇನೂ ಇಲ್ಲ. ಅದಕ್ಕೆ ಬೆಳೆ ವಿಮೆಯ ಅರ್ಜಿಯನ್ನು ಹಂಗಾಮಿನ ಶುರುವಿನಲ್ಲೇ, ಕೊನೆ ದಿನಾಂಕದೊಳಗೆ ಹಾಕಿರಬೇಕು.